ಡೆಬಿಯನ್ ಒಮ್ಮೆ ಹಾಕಿದರೆ ಜೀವನಪೂರ್ತಿ ಸುರಕ್ಷಿತವೇ?

ಇಲ್ಲ. ವಿಂಡೋಸ್ ಬದಲು ಬಳಸಬಹುದಾದ ಡೆಬಿಯನ್ ಉಚಿತ, ಸ್ವಯಂಸೇವಕರು ಕಟ್ಟಿದ್ದು. ಆದರೆ ಪ್ರತಿ ಆವೃತ್ತಿಗೂ ಗಡುವಿದೆ: ಸುಮಾರು 3 ವರ್ಷ ಪೂರ್ಣ ಬೆಂಬಲ, ಆಮೇಲೆ 2 ವರ್ಷ ಬೇರೊಂದು ತಂಡದಿಂದ ಸುರಕ್ಷತಾ ಅಪ್‌ಡೇಟ್ ಮಾತ್ರ.

ಯಾಕೆ ಗಡುವು? ಹೊಸದಾಗಿ ಪತ್ತೆಯಾದ ದೋಷ ಹಳೆಯ ಆವೃತ್ತಿಯಲ್ಲೂ ಇದೆಯೇ ಎಂದು ಹುಡುಕಿ, ಅದಕ್ಕೆ ಹೊಂದುವ ತೇಪೆ ಹಾಕಿ, ಪರೀಕ್ಷಿಸಬೇಕು. ಹಳೆಯದಾದಷ್ಟೂ ಈ ಕೆಲಸ ಕಷ್ಟ, ಬಿಡುವಿನಲ್ಲಿ ಮಾಡುವವರೂ ವಿರಳ. ಕೊನೆಯ 2 ವರ್ಷದ ಕೆಲಸ ನಡೆಯುವುದೇ ಬಹುಮಟ್ಟಿಗೆ ಕಂಪನಿಗಳ ಪ್ರಾಯೋಜಕತ್ವದಿಂದ. ಸುಮ್ಮನೆ ಕೈಬಿಡುವುದಕ್ಕಿಂತ ದಿನಾಂಕ ಮೊದಲೇ ಹೇಳುವುದು ವಾಸಿ ಎನ್ನುತ್ತೇವೆ ನಾವು.

ಹೊಸಕೋಟೆಯ ಅಂಗಡಿಯೊಂದರ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ 2021ರ ಡೆಬಿಯನ್ 11 ಇದೆ ಎನ್ನಿ. ಅದರ ಗಡುವು 2026ರ ಆಗಸ್ಟ್ 31. ಮರುದಿನವೂ ಬಿಲ್ ಬರುತ್ತದೆ, ಡೆಬಿಯನ್‌ನಿಂದ ಅಪ್‌ಡೇಟ್ ಬರುವುದಿಲ್ಲ. ಬ್ಯಾಕಪ್ ತೆಗೆದು 12ಕ್ಕೆ ಹೋಗಿ. ನೇರವಾಗಿ 13ಕ್ಕೆ ಜಿಗಿಯಬೇಡಿ.