ಪದ, ಅರ್ಥ ಮತ್ತು ವಾಕ್ಯ

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ತರಗತಿಯ ಕರಿಹಲಗೆ ನೆನಪಿರಬಹುದು. ಎಡಗಡೆಗೆ ಹತ್ತು ಇಂಗ್ಲಿಷ್ ಪದಗಳು, ಬಲಗಡೆಗೆ ಅವುಗಳ ಕನ್ನಡ ಅರ್ಥ. ಮರುದಿನ ಬಾಯಿಪಾಠ ಒಪ್ಪಿಸಬೇಕು. ಒಮ್ಮೆ ಆ ಪಟ್ಟಿಯಲ್ಲಿ ‘ಅಬ್ಯಾಂಡನ್’ ಎಂಬ ಪದವಿತ್ತು. ಅದರೆದುರು ‘ಬಿಡು’ ಎಂದು ಬರೆದಿದ್ದೆ. ಸ್ವಂತ ವಾಕ್ಯ ರಚಿಸಲು ಹೇಳಿದಾಗ ಹುಡುಗನೊಬ್ಬ ಎದ್ದು ನಿಂತು, ‘ಐ ಅಬ್ಯಾಂಡನ್ಡ್ ಮೈ ಸಿಸ್ಟರ್ ಅಟ್ ಸ್ಕೂಲ್’ ಎಂದ. ದಿನವೂ ತಂಗಿಯನ್ನು ಪ್ರಾಥಮಿಕ ಶಾಲೆಗೆ ಬಿಟ್ಟು ಬರುತ್ತಿದ್ದ ಹುಡುಗ ಅವನು. ಆದರೆ ಅವನ ವಾಕ್ಯಕ್ಕೆ, ತಂಗಿಯನ್ನು ದಿಕ್ಕಿಲ್ಲದಂತೆ ತೊರೆದು ಬಂದೆ ಎಂಬ ಅರ್ಥ ಬಂದಿತ್ತು. ನಾನು ನಕ್ಕೆ, ನಾನು ನಕ್ಕಿದ್ದರಿಂದ ತರಗತಿಯೂ ನಕ್ಕಿತು. ಆ ವರ್ಷವೆಲ್ಲ ಅವನು ಮತ್ತೆ ತಾನಾಗಿ ಕೈಯೆತ್ತಲಿಲ್ಲ.

ಹುಡುಗ ಪಟ್ಟಿಯನ್ನು ಸರಿಯಾಗಿಯೇ ಕಲಿತಿದ್ದ. ಕೊರತೆಯಿದ್ದುದು ಪಟ್ಟಿಯಲ್ಲಿ. ನಿವೃತ್ತಿಯ ನಂತರ ನಿಘಂಟುಗಳ ಚರಿತ್ರೆಯನ್ನು ಓದುವಾಗ, ಈ ಕೊರತೆಯನ್ನು ತುಂಬಲು ಇಂಗ್ಲಿಷ್ ವಿದ್ವಾಂಸರಿಗೇ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತೆಂಬುದು ತಿಳಿದುಬಂತು.

ಇಂಗ್ಲಿಷ್ ಪದಗಳಿಗೆ ಇಂಗ್ಲಿಷಿನಲ್ಲಿಯೇ ಅರ್ಥ ಹೇಳುವ ಮೊದಲ ನಿಘಂಟೆಂದು ಸಾಮಾನ್ಯವಾಗಿ ಪರಿಗಣಿತವಾಗಿರುವುದು 1604ರಲ್ಲಿ ರಾಬರ್ಟ್ ಕಾಡ್ರಿ ಪ್ರಕಟಿಸಿದ ‘ಎ ಟೇಬಲ್ ಆಲ್ಫಬೆಟಿಕಲ್’. ಕಾಡ್ರಿಯವರೂ ಒಂದು ಕಾಲದಲ್ಲಿ ಶಾಲಾ ಉಪಾಧ್ಯಾಯರಾಗಿದ್ದವರೇ. ಲ್ಯಾಟಿನ್, ಗ್ರೀಕ್, ಫ್ರೆಂಚ್ ಮುಂತಾದ ಭಾಷೆಗಳಿಂದ ಬಂದ ಸುಮಾರು 2,500 ಕಠಿಣ ಪದಗಳು. ಒಂದೊಂದರ ಮುಂದೆಯೂ ಚುಟುಕಾದ ಅರ್ಥ. ಉದಾಹರಣೆಯ ವಾಕ್ಯಗಳಿಲ್ಲ. ನನ್ನ ಕರಿಹಲಗೆಯೂ ಹಾಗೆಯೇ ಇತ್ತು!

ಪದಕ್ಕೆ ವಾಕ್ಯದ ಆಸರೆಯನ್ನು ದೊಡ್ಡ ಪ್ರಮಾಣದಲ್ಲಿ ಒದಗಿಸಿದವರು ಡಾ. ಸ್ಯಾಮ್ಯುಯಲ್ ಜಾನ್ಸನ್. 1755ರಲ್ಲಿ ಹೊರಬಂದ ಅವರ ನಿಘಂಟಿನಲ್ಲಿ 42,000ಕ್ಕೂ ಹೆಚ್ಚು ಪದಗಳೂ, ಷೇಕ್ಸ್‌ಪಿಯರ್, ಮಿಲ್ಟನ್, ಡ್ರೈಡನ್ ಮೊದಲಾದವರ ಬರಹಗಳಿಂದ ಆಯ್ದ ಸುಮಾರು 1,14,000 ಉಲ್ಲೇಖಗಳೂ ಇವೆ. ಆದರೆ ಅದು ಕಲಿತವರಿಗಾಗಿ ರಚಿತವಾದ ಗ್ರಂಥ. ‘ನೆಟ್‌ವರ್ಕ್’ ಎಂಬ ಸರಳ ಪದವನ್ನು ವಿವರಿಸಲು ಅವರು ‘ರೆಟಿಕ್ಯುಲೇಟೆಡ್’, ‘ಡೆಕಸೇಟೆಡ್’ ಎಂಬ ಪದಗಳನ್ನು ಬಳಸಿದರು. ಅರ್ಥ ನೋಡಲು ಹೋದವನು ಇನ್ನೆರಡು ಪದಗಳ ಅರ್ಥ ಹುಡುಕಬೇಕಾಯಿತು.

ಈ ತೊಡಕಿಗೆ ಪರಿಹಾರ ಹುಡುಕಿದವರಲ್ಲಿ ಒಬ್ಬರು ನಮ್ಮ ಉಪಖಂಡದಲ್ಲಿಯೇ ಪಾಠ ಮಾಡಿದವರು. ಮೈಕೇಲ್ ವೆಸ್ಟ್ ಅವರು ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದು, ಬಂಗಾಳಿ ಮಕ್ಕಳು ಇಂಗ್ಲಿಷ್ ಕಲಿಯುವ ಬಗೆಯನ್ನು ಹತ್ತಿರದಿಂದ ಕಂಡಿದ್ದರು. 1935ರಲ್ಲಿ ಜೇಮ್ಸ್ ಎಂಡಿಕಾಟ್ ಅವರೊಡನೆ ಹೊರತಂದ ನಿಘಂಟಿನಲ್ಲಿ ಅವರು ಸುಮಾರು 24,000 ಪದ ಹಾಗೂ ನುಡಿಗಟ್ಟುಗಳನ್ನು ಕೇವಲ 1,490 ಪದಗಳನ್ನು ಬಳಸಿ ವಿವರಿಸಿದರು. ತಿಳಿದ ಪದದಿಂದ ತಿಳಿಯದ ಪದಕ್ಕೆ ಕರೆದೊಯ್ಯುವುದೇ ಅದರ ತತ್ತ್ವ.

ಇನ್ನು ಉಳಿದದ್ದು ಪದವನ್ನು ಬಳಸುವ ಬಗೆ. ಎ. ಎಸ್. ಹಾರ್ನ್‌ಬಿ 1924ರಲ್ಲಿ ಜಪಾನಿಗೆ ಹೋಗಿ ಅಧ್ಯಾಪಕರಾದರು. ಸಾಹಿತ್ಯಬೋಧನೆಗಿಂತ ಮೊದಲು ವಿದ್ಯಾರ್ಥಿಗಳಿಗೆ ಭಾಷೆಯೇ ಬೇಕಾಗಿದೆ ಎಂಬುದು ಅವರಿಗೆ ಮನವರಿಕೆಯಾಯಿತು. ಗೇಟನ್‌ಬಿ ಮತ್ತು ವೇಕ್‌ಫೀಲ್ಡ್ ಅವರೊಡನೆ ಅವರು ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಪ್ರಕಟವಾಯಿತು. 1948ರಲ್ಲಿ ಅದನ್ನೇ ಆಕ್ಸ್‌ಫರ್ಡ್ ಮುದ್ರಣಾಲಯವು ಹೊಸ ಹೆಸರಿನಿಂದ ಹೊರತಂದಿತು. ನಮ್ಮ ಅನೇಕ ಮನೆಗಳಲ್ಲಿರುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟಿನ ಮೂಲ ಅದು. ಒಂದು ಕ್ರಿಯಾಪದದ ಮುಂದೆ ಯಾವ ರಚನೆ ಬರಬೇಕೆಂಬುದನ್ನು ಅದು ಕಲಿಸಿತು. ‘ನನಗೆ ವಿವರಿಸಿದರು’ ಎಂದು ಯೋಚಿಸುವ ನಮ್ಮ ಮಕ್ಕಳು ‘ಎಕ್ಸ್‌ಪ್ಲೇನ್ಡ್ ಮಿ’ ಎಂದು ಬರೆಯುತ್ತಾರೆ. ‘ಎಕ್ಸ್‌ಪ್ಲೇನ್ಡ್ ಇಟ್ ಟು ಮಿ’ ಎಂಬುದು ಸರಿಯಾದ ರೂಪ. ಈ ವಿವೇಕ ಅರ್ಥದಿಂದ ಬರುವುದಿಲ್ಲ, ಉದಾಹರಣೆಯಿಂದ ಬರುತ್ತದೆ. ಮುಂದೆ 1987ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಪ್ರೊ. ಜಾನ್ ಸಿಂಕ್ಲೇರ್ ಅವರ ನೇತೃತ್ವದಲ್ಲಿ ಬಂದ ‘ಕೋಬಿಲ್ಡ್’ ನಿಘಂಟು, ಗಣಕಯಂತ್ರದಲ್ಲಿ ಸಂಗ್ರಹಿಸಿದ ನಿಜಬಳಕೆಯ ವಾಕ್ಯಗಳನ್ನು ಆಧಾರವಾಗಿಟ್ಟುಕೊಂಡು, ಅರ್ಥವನ್ನೂ ಪೂರ್ಣವಾಕ್ಯದಲ್ಲಿಯೇ ಹೇಳಿತು.

ಈಗ ನನ್ನ ‘ಬಿಡು’ವಿಗೆ ಮರಳೋಣ. ನಮ್ಮಲ್ಲಿ ಬಸ್ಸು ಬಿಡುತ್ತದೆ, ಮಳೆ ಬಿಡುತ್ತದೆ, ಗಿಡ ಹೂ ಬಿಡುತ್ತದೆ, ಕುಡುಕ ಕುಡಿತ ಬಿಡುತ್ತಾನೆ, ಅಣ್ಣ ತಂಗಿಯನ್ನು ಶಾಲೆಗೆ ಬಿಡುತ್ತಾನೆ. ಇವೆಲ್ಲಕ್ಕೂ ಒಂದೇ ಇಂಗ್ಲಿಷ್ ಪದ ಹೊಂದೀತೆ? ಮುಳುಗುತ್ತಿರುವ ಹಡಗನ್ನು ನಾವಿಕರು ತೊರೆದರು, ಮಳೆಯಿಂದಾಗಿ ಪಂದ್ಯವನ್ನು ಅರ್ಧಕ್ಕೇ ಕೈಬಿಟ್ಟರು ಎಂಬ ಎರಡು ವಾಕ್ಯಗಳನ್ನು ಅಂದು ಇಂಗ್ಲಿಷಿನಲ್ಲಿ ಬರೆದು ತೋರಿಸಿದ್ದರೆ, ‘ಅಬ್ಯಾಂಡನ್’ ಪದದ ಸ್ವಭಾವ ಆ ಹುಡುಗನಿಗೆ ತಾನಾಗಿಯೇ ಹೊಳೆಯುತ್ತಿತ್ತು.

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ನಮ್ಮ ಮನೆಯ ಮಕ್ಕಳು ಇಂದಿಗೂ ಸಾವಿರಾರು ಪದಗಳ ಪಟ್ಟಿಯನ್ನು ಉರುಹೊಡೆಯುವುದನ್ನು ಕಾಣುತ್ತೇನೆ. ಅವರಿಗೆ ನನ್ನದೊಂದು ಸಲಹೆ: ದಿನಕ್ಕೆ ಐದೇ ಪದ ಸಾಕು. ಪ್ರತಿಯೊಂದಕ್ಕೂ ಸರಳವಾದ ಅರ್ಥ, ಓದಿನಲ್ಲಿ ಸಿಕ್ಕ ಎರಡು ವಾಕ್ಯ, ಕೊನೆಗೆ ನಿಮ್ಮದೇ ಒಂದು ವಾಕ್ಯ. ಆ ನಿಮ್ಮ ವಾಕ್ಯ ತಪ್ಪಾದರೆ ನಾಚಬೇಡಿ, ತಿದ್ದಬಲ್ಲವರಿಗೆ ತೋರಿಸಿ.

ಆ ಹುಡುಗ ಇಂದು ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ವಯಸ್ಸಿನವನಾಗಿರಬೇಕು. ಅಪ್ಪಾ, ನೀನು ಇದನ್ನು ಓದುತ್ತಿದ್ದರೆ ಒಂದು ಮಾತು: ಅಂದಿನ ತಪ್ಪು ನಿನ್ನದಲ್ಲ, ನನ್ನದು. ನಾನು ನಗಬಾರದಿತ್ತು.