ಸೋತ ಆಟ, ಉಳಿದ ನಡೆ

1855ರ ಮೇ ತಿಂಗಳು, ಕಲ್ಕತ್ತೆ. ಚದುರಂಗದ ಮಣೆಯ ಒಂದು ಬದಿಗೆ ಸ್ಕಾಟ್ಲೆಂಡಿನ ನ್ಯಾಯವಾದಿ ಜಾನ್ ಕಾಕ್ರೇನ್. ಲಂಡನ್ನಿನಲ್ಲಿ ಹೋವರ್ಡ್ ಸ್ಟಾಂಟನ್‌ರಂಥ ಘಟಾನುಘಟಿಯೊಡನೆ ಆಡಿ ಪಳಗಿದವರು. ಎದುರಿಗೆ ಕಪ್ಪು ಕಾಯಿಗಳೊಡನೆ ಮಹೇಶಚಂದ್ರ ಬ್ಯಾನರ್ಜಿ. ಹಳ್ಳಿಗಾಡಿನಲ್ಲಿ ಸೋಲರಿಯದ ಆಟಗಾರನೆಂದು ಹೆಸರಾಗಿ, ನಗರದ ಚೆಸ್ ಕ್ಲಬ್ಬಿನವರ ಕಣ್ಣಿಗೆ ಬಿದ್ದ ಬಂಗಾಳಿ ಬ್ರಾಹ್ಮಣ. ಇಬ್ಬರೂ ಅದಾಗಲೇ ಅನೇಕ ಆಟಗಳನ್ನು ಆಡಿದ್ದರು.

ಆ ಕಾಲದ ದೇಶೀ ಚದುರಂಗದಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಸಾಮಾನ್ಯವಾಗಿ ಒಂದೇ ಮನೆ ಸರಿಯುತ್ತಿತ್ತು. ಯೂರೋಪಿನ ಆಟದಲ್ಲಾದರೋ ಎರಡು ಮನೆ ದಾಟಬಹುದಿತ್ತು. ಆದುದರಿಂದ ಅಲ್ಲಿಯವರು ಆರಂಭದಲ್ಲಿಯೇ ಕಾಲಾಳುಗಳನ್ನು ನುಗ್ಗಿಸಿ ನಡುಮಣೆಯನ್ನು ಹಿಡಿಯುತ್ತಿದ್ದರು. ದೇಶೀ ಆಟದಲ್ಲಿ ಬೆಳೆದವರಿಗೆ ನಿಧಾನವಾಗಿ ವ್ಯೂಹ ಕಟ್ಟಿ, ಒಂಟೆಯನ್ನು ಮೂಲೆಯ ಸಮೀಪ ನಿಲ್ಲಿಸಿ, ದೂರದಿಂದಲೇ ನಡುಮಣೆಯ ಮೇಲೆ ಕಣ್ಣಿಡುವುದು ಸಹಜವಾಗಿತ್ತು.

ಕಾಕ್ರೇನ್ ಮಂತ್ರಿಯ ಕಾಲಾಳನ್ನು ಎರಡು ಮನೆ ನಡೆಸಿದರು. ಮಹೇಶಚಂದ್ರರು ಕಾಲಾಳನ್ನು ಮುಟ್ಟದೆ ರಾಜನ ಬದಿಯ ಕುದುರೆಯನ್ನು ಹೊರಡಿಸಿದರು. ಎರಡನೆಯ ನಡೆಯಲ್ಲಿ ಅದೇ ಕುದುರೆಯ ಕಾಲಾಳು ಒಂದೇ ಮನೆ ಸರಿದು ಒಂಟೆಗೆ ದಾರಿ ಬಿಟ್ಟಿತು. ಮೂರನೆಯದರಲ್ಲಿ ಮಂತ್ರಿಯ ಕಾಲಾಳು ಎರಡು ಮನೆ ದಾಟಿ ಬಿಳಿಯ ಸಾಲಿಗೆ ಎದುರು ನಿಂತಿತು. ಎರಡನೆಯ ನಡೆ ನಾಡಿನ ರೂಢಿ. ಮೂರನೆಯದು ಹೊಸದಾಗಿ ಒಲಿಸಿಕೊಂಡ ಪರದೇಶದ ನಿಯಮ. ಎರಡು ಸಂಪ್ರದಾಯಗಳು ಒಂದೇ ವ್ಯೂಹದಲ್ಲಿ ಕೂಡಿದ್ದವು.

ಆಟವನ್ನು ಗೆದ್ದವರು ಕಾಕ್ರೇನ್. ಹದಿನೆಂಟನೆಯ ನಡೆಯ ಹೊತ್ತಿಗೆ ಮೂರು ನಡೆಗಳ ಚೆಕ್‌ಮೇಟ್ ಸಿದ್ಧವಾಗಿತ್ತು: ಮಂತ್ರಿಯನ್ನೇ ಬಲಿಗೊಟ್ಟು, ತನ್ನ ಕಾಯಿಗಳ ನಡುವೆಯೇ ಸಿಕ್ಕಿಬಿದ್ದ ಕಪ್ಪು ರಾಜನನ್ನು ಕುದುರೆಯಿಂದ ಕೆಡಹುವ ಬಗೆ.

ಆದರೆ ವ್ಯೂಹ ಸೋಲಲಿಲ್ಲ. 1922ರಲ್ಲಿ ಆಸ್ಟ್ರಿಯಾದ ಅರ್ನ್‌ಸ್ಟ್ ಗ್ರುನ್‌ಫೆಲ್ಡ್ ಅದನ್ನು ಪಂದ್ಯಗಳಲ್ಲಿ ಆಡಿ ಬಳಕೆಗೆ ತಂದರು. ಅದು ಅವರ ಹೆಸರನ್ನೇ ಹೊತ್ತಿತು. ಮಂತ್ರಿಯ ಕಾಲಾಳಿಗೆ ಕುದುರೆಯಿಂದ ಉತ್ತರಿಸುವ ರಕ್ಷಣೆಗಳ ಇಡೀ ಕುಲಕ್ಕೆ ‘ಇಂಡಿಯನ್’ ಎಂಬ ಹೆಸರು ನಿಂತಿತು. ದೇಶದ ಹೆಸರು ಉಳಿಯಿತು, ಆಡಿದವನ ಹೆಸರು ಅಳಿಯಿತು.

2010ರಲ್ಲಿ ಸೋಫಿಯಾದ ವಿಶ್ವ ಚಾಂಪಿಯನ್‌ಷಿಪ್ಪಿನ ಮೊದಲ ಆಟದಲ್ಲಿ ವಿಶ್ವನಾಥನ್ ಆನಂದ್ ಕಪ್ಪು ಕಾಯಿಗಳಿಂದ ಇದೇ ವ್ಯೂಹ ಹೂಡಿ ಟೋಪಾಲೊವ್‌ಗೆ ಸೋತರು. ಹತ್ತನೆಯ ಆಟದಲ್ಲಿ ಅದನ್ನೇ ಮತ್ತೆ ಆಡಿ ಸಮ ಮಾಡಿಕೊಂಡರು. ಕೊನೆಗೆ ಪಟ್ಟವನ್ನೂ ಉಳಿಸಿಕೊಂಡರು. ಮಣೆಯ ಮೇಲೆ ಆ ಮೂರು ನಡೆಗಳನ್ನು ಮತ್ತೆ ಕಂಡಾಗ, ಗ್ರುನ್‌ಫೆಲ್ಡ್‌ರ ಜೊತೆಗೆ ಮಹೇಶಚಂದ್ರರನ್ನೂ ನೆನೆಯೋಣ.