ಹಲಗಲಿಯ ಆಯುಧ, ನಮ್ಮ ಬದುವಿನ ಕುಡುಗೋಲು

ಹಲಗಲಿ ಬೇಡರ ಲಾವಣಿ ನಿಮಗೆ ಶಾಲೆಯ ಪಾಠದಿಂದಲಾದರೂ ಗೊತ್ತಿರುತ್ತದೆ. ಆ ಜಗಳ ಹತ್ತಿದ್ದು ಕಂದಾಯಕ್ಕಲ್ಲ, ಜಮೀನಿಗೂ ಅಲ್ಲ, ಮನೆಯಲ್ಲಿದ್ದ ಆಯುಧಕ್ಕೆ. 1857ರಲ್ಲಿ ಉತ್ತರದ ಕಡೆ ಸಿಪಾಯಿಗಳು ತಿರುಗಿಬಿದ್ದಾಗ ಕಂಪನಿ ಸರ್ಕಾರ ಹೆದರಿತು. ಅಪ್ಪಣೆ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳಬಾರದು ಎಂದು ಕಾಯ್ದೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯಲ್ಲಿ ಬೇಡರಿಗೆ ಆಯುಧ ಎಂದರೆ ಬೇಟೆ, ಕಾವಲು, ಮನೆತನದ ಮಾನ. ಕೊಡುವುದಿಲ್ಲ ಎಂದರು. ನವೆಂಬರ್ ಕೊನೆಯಲ್ಲಿ ಕುದುರೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಸೆರೆ ಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಕೆಲವರನ್ನು ಮುಧೋಳದಲ್ಲಿ, ಕೆಲವರನ್ನು ಅವರದೇ ಊರಿನಲ್ಲಿ, ಅವರ ಜನರ ಕಣ್ಣೆದುರಿಗೇ.

ಇಷ್ಟು ನಮಗೆಲ್ಲ ಗೊತ್ತಿರುವ ಕಥೆ. ಇದರ ಮುಂದಿನ ಭಾಗವನ್ನು ಮಾತ್ರ ಪಾಠದಲ್ಲಿ ಯಾರೂ ಹೇಳುವುದಿಲ್ಲ.

ಮೂರು ವರ್ಷದ ಮೇಲೆ, 1860ರಲ್ಲಿ, ಬ್ರಿಟಿಷ್ ಸರ್ಕಾರ ಒಂದೇ ವರ್ಷದಲ್ಲಿ ಎರಡು ಕಾಯ್ದೆ ಮಾಡಿತು. ಒಂದು ಭಾರತೀಯ ದಂಡ ಸಂಹಿತೆ, ಅಂದರೆ ನಾವು ಐಪಿಸಿ ಎನ್ನುತ್ತಿದ್ದದ್ದು. ನಿನ್ನ ಜೀವ, ನಿನ್ನ ಆಸ್ತಿ, ಪಕ್ಕದವನ ಜೀವವನ್ನೂ ಕಾಪಾಡಿಕೊಳ್ಳಲು ನಿನಗೆ ಹಕ್ಕಿದೆ ಎಂದು ಅದು ಹೇಳಿತು. ಅದರ ಕರಡು ಬರೆದ ಮೆಕಾಲೆಗೆ, ಇಲ್ಲಿನ ಜನ ದರೋಡೆಕೋರರ ಎದುರು ಕೈಕಟ್ಟಿ ನಿಲ್ಲುತ್ತಾರೆ, ಅವರಿಗೆ ಧೈರ್ಯ ತುಂಬಬೇಕು ಎಂಬ ಅಭಿಪ್ರಾಯವಿತ್ತು. ಎರಡನೆಯದು ಶಸ್ತ್ರಾಸ್ತ್ರ ಕಾಯ್ದೆ. ಅದು ಜನರ ಆಯುಧವನ್ನು ಸರ್ಕಾರದ ಹಿಡಿತಕ್ಕೆ ತಂದಿತು. ಎದುರಿಸು ಎಂದವರೂ ಅವರೇ, ಕೈಯಲ್ಲಿದ್ದದ್ದನ್ನು ಕಿತ್ತುಕೊಂಡವರೂ ಅವರೇ. ಮೆಕಾಲೆ ಹಲಗಲಿಯ ಸುದ್ದಿ ಕೇಳಿದ್ದರೆ ಏನು ಬರೆಯುತ್ತಿದ್ದನೋ!

ಕಾಯ್ದೆ ಎಲ್ಲರಿಗೂ ಒಂದೇ ಆಗಿರಲಿಲ್ಲ. 1861ರಲ್ಲಿ ಕೊಡವರಿಗೆ ವಿನಾಯಿತಿ ಸಿಕ್ಕಿತು. ಬ್ರಿಟಿಷರು ಅದನ್ನು ಅವರ ನಿಷ್ಠೆಗೆ ಕೊಟ್ಟ ಮರ್ಯಾದೆ ಎಂದರು. ಕೊಡವರಿಗೂ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸ್ ವಿನಾಯಿತಿ ಇವತ್ತಿಗೂ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ನಮ್ಮ ಹೈಕೋರ್ಟು 2021ರಲ್ಲಿ ವಜಾ ಮಾಡಿತು. ಆದರೆ ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು ಮಾತ್ರ. ಜಗಳದಲ್ಲಿ ಹಾರಿಸಿದರೆ ಅಲ್ಲಿಯೂ ಬೇರೆಡೆಯಂತೆಯೇ ಕೇಸು.

ಸ್ವಾತಂತ್ರ್ಯ ಬಂದ ಮೇಲೆ ಈ ಪ್ರಶ್ನೆ ಮತ್ತೆ ಎದ್ದಿತು. ಆಯುಧ ಹೊಂದುವುದನ್ನು ಮೂಲಭೂತ ಹಕ್ಕು ಮಾಡಿ ಎಂದು ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರಿನಲ್ಲಿ ತಿದ್ದುಪಡಿ ತಂದವರು ಎಚ್.ವಿ. ಕಾಮತ್, ಮಂಗಳೂರು ಕಡೆ ಹುಟ್ಟಿದವರು. ಅಮೆರಿಕದ ಸಂವಿಧಾನದಲ್ಲಿ ಅಂಥ ಹಕ್ಕು 1791ರಿಂದಲೂ ಇದೆ. ಅಲ್ಲಿ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಅಂಗಡಿಗೆ ಹೋಗುವವರ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಅಂಬೇಡ್ಕರ್ ಒಪ್ಪಲಿಲ್ಲ. ಎಲ್ಲರಿಗೂ ಹಕ್ಕು ಎಂದರೆ ಕಳ್ಳಕಾಕರಿಗೂ ಹಕ್ಕು ಕೊಟ್ಟಂತೆ, ನಿಯಂತ್ರಣ ಸರ್ಕಾರದ ಕೈಯಲ್ಲಿರಲಿ ಎಂದರು. ತಿದ್ದುಪಡಿ ಬಿದ್ದುಹೋಯಿತು. ಅಂಬೇಡ್ಕರ್ ಮಾಡಿದ್ದೇ ಸರಿ ಎನ್ನುವುದು ನಮ್ಮ ಅಭಿಪ್ರಾಯ. ಬದುವಿನ ಜಗಳಕ್ಕೆಲ್ಲ ಪಿಸ್ತೂಲು ಹೊರಬಂದರೆ ಊರಿನಲ್ಲಿ ಗಂಡಸರೇ ಉಳಿಯುತ್ತಿರಲಿಲ್ಲ.

ಹಾಗಾಗಿ ಹಕ್ಕು ಉಳಿಯಿತು, ಆಯುಧ ಲೈಸೆನ್ಸಿಗೆ ಹೋಯಿತು. ಐಪಿಸಿ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆತ್ಮರಕ್ಷಣೆಯ ಹಕ್ಕು ಅದರಲ್ಲಿ 34ರಿಂದ 44ನೇ ಕಲಂವರೆಗೆ ಇದೆ, ತಿರುಳು ಮಾತ್ರ 1860ರದ್ದೇ. ಅಪಾಯ ತಪ್ಪಿಸಲು ಎಷ್ಟು ಬೇಕೋ ಅಷ್ಟೇ ಹೊಡೆಯಬಹುದು. ಪೊಲೀಸರ ಬಳಿ ಹೋಗಲು ಸಮಯವಿದ್ದರೆ ಆ ಹಕ್ಕೂ ಇಲ್ಲ. ಪಕ್ಕದವನು ನಿಮ್ಮ ಹೊಲದೊಳಗೆ ಕಾಲಿಟ್ಟ, ಬದು ಒತ್ತಿದ ಎಂಬಷ್ಟಕ್ಕೇ ಅವನ ಜೀವ ತೆಗೆಯಲು ಕಾನೂನು ಬಿಡುವುದಿಲ್ಲ.

ಕುಡುಗೋಲಿನ ವಿಷಯ ಇನ್ನೂ ವಿಚಿತ್ರ. ಬೇಸಾಯದ, ಮನೆಗೆಲಸದ ಸಾಮಾನು ಶಸ್ತ್ರಾಸ್ತ್ರ ಕಾಯ್ದೆಯ ಲೆಕ್ಕದಲ್ಲಿ ಆಯುಧವೇ ಅಲ್ಲ. ಅದಕ್ಕೆ ಲೈಸೆನ್ಸ್ ಯಾರೂ ಕೇಳುವುದಿಲ್ಲ. ಒಬ್ಬನ ಮೇಲೆ ಬೀಸಿದಿರೋ, ದಂಡದ ಕಾನೂನಿನಲ್ಲಿ ಅದೇ ಅಪಾಯಕಾರಿ ಆಯುಧವಾಗುತ್ತದೆ. ಹುಲ್ಲು ಕೊಯ್ಯುವಾಗ ಕೈಯಲ್ಲೇ ಇತ್ತೋ, ಜಗಳ ಹತ್ತಿದ ಮೇಲೆ ಮನೆಗೆ ಓಡಿ ತಂದದ್ದೋ ಎಂದು ವಕೀಲರು ಕೇಳಿಯೇ ಕೇಳುತ್ತಾರೆ.

ನಿಜವಾಗಿ ಜೀವಕ್ಕೆ ಬಂದಾಗ ಕೋರ್ಟು ಕೈಬಿಡುವುದಿಲ್ಲ. ಪಂಜಾಬಿನ ಒಂದು ಜಮೀನು ಜಗಳದಲ್ಲಿ, ತಂದೆಯ ಮೇಲೆ ಹರಿತದ ಆಯುಧದಿಂದ ಏಟು ಬಿದ್ದಾಗ ಮಗ ಲೈಸೆನ್ಸಿನ ಬಂದೂಕು ಹಾರಿಸಿದ. ಹೈಕೋರ್ಟು ಶಿಕ್ಷೆ ಕೊಟ್ಟಿತ್ತು, 2010ರಲ್ಲಿ ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ಹೆದರಿದ ಮನುಷ್ಯ ಪ್ರತಿ ಏಟನ್ನೂ ತಕ್ಕಡಿಯಲ್ಲಿ ತೂಗಿ ಹೊಡೆಯಲಾರ ಎಂಬುದನ್ನು ಕೋರ್ಟುಗಳು ಒಪ್ಪುತ್ತವೆ. ಆದರೆ ನೀವು ಹೆದರಿದ್ದು ನಿಜ ಎಂದು ದಾಖಲೆಯಲ್ಲಿ ಕಾಣಬೇಕು. ನಿಮಗೂ ಪೆಟ್ಟು ಬಿದ್ದಿದ್ದರೆ ಅದೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಗಾಯವನ್ನು ಬರೆಸಿ, ಠಾಣೆಯಲ್ಲಿ ನಿಮ್ಮ ದೂರನ್ನೂ ಕೊಡಿ.